ಕಾಗದದ ಮೇಲೆ ಮೊದಲು ಬತ್ತಿದ ಏಳು ಬಾವಿಗಳು

ಗಣಿ ಬಾಧಿತ ಗ್ರಾಮಗಳ ನೀರಿನ ಅಹವಾಲು ವಿಚಾರಣಾಧಿಕಾರಿಗಳು, ಆಲ್ಕೊಳ ವೃತ್ತದ ಸಮೀಪದ ಬಾಡಿಗೆ ಕಟ್ಟಡ, ಎರಡನೆಯ ಮಹಡಿ, ಶಿವಮೊಗ್ಗ, ಇವರಿಗೆ.

೧. ಅರ್ಜಿದಾರನ ಹೆಸರು: ಪರಮೇಶ್ವರಪ್ಪ ಬಿನ್ ಲೇಟ್ ಮಂಜಪ್ಪ.

೨. ವಯಸ್ಸು: ಎಪ್ಪತ್ತಮೂರು.

೩. ವಾಸ: ಕೆಂಚನಕೊಪ್ಪ, ಭದ್ರಾವತಿ ತಾಲ್ಲೂಕು. ಮನೆಗಳು ನಲವತ್ತೆರಡು, ಬಾವಿಗಳು ಏಳು.

೪. ಕಸುಬು: ಮೂವತ್ತೊಂದು ವರ್ಷ ಅರ್ಜಿಗಳ ಶುದ್ಧಪ್ರತಿ ತೆಗೆದದ್ದು, ಅನಂತರ ಸ್ವಂತವಾಗಿ ಅರ್ಜಿ ಬರೆದದ್ದು, ಸದ್ಯ ನಿಲ್ಲಿಸಿದೆ.

೫. ಎದುರುದಾರರು: ಒಂದನೆಯವರು, ನಮ್ಮೂರ ಗುಡ್ಡದ ಅಡಿಯಲ್ಲಿ ಸುರಂಗ ತೋಡಿ ಮ್ಯಾಂಗನೀಸ್ ಅದಿರು ತೆಗೆಯುವ ಗಣಿ ಕಂಪನಿ. ಎರಡನೆಯವರು, ತಾವು. ಮೂರನೆಯವನು, ಅರ್ಜಿದಾರನೇ.

೬. ವ್ಯಾಜ್ಯದ ಸ್ವತ್ತು: ನೆಲದ ಕೆಳಗಿನ ನೀರು. ಚೆಕ್ಕುಬಂದಿ: ಇರುವುದಿಲ್ಲ.

೭. ಸದರಿ ಗಣಿಯನ್ನು ಇನ್ನೂ ನೂರು ಅಡಿ ಆಳಕ್ಕೆ ಇಳಿಸುವ ಬಗ್ಗೆ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ: ೨೦೦೨ನೆಯ ಇಸವಿ ಮೇ ೩೧.

ಮಾನ್ಯರೇ,

ಹೀಗೆ ಸಂಬೋಧಿಸಿದ ಬಳಿಕ ‘ತಮ್ಮ ಸನ್ನಿಧಾನದಲ್ಲಿ ಅತ್ಯಂತ ವಿನಮ್ರನಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಮುಂದುವರಿಯುವುದು ನನ್ನ ಕೈಗೆ ಐವತ್ತು ವರ್ಷಗಳಿಂದ ಅಂಟಿದ ರೂಢಿ. ಈ ಸಲ ಕೈಯನ್ನು ತಡೆದಿದ್ದೇನೆ. ಬಾವಿಗಳ ನಷ್ಟಪರಿಹಾರ ಕೋರಿದ ನಮ್ಮ ಅರ್ಜಿಯ ಮೇಲೆ ಕಳೆದ ನವೆಂಬರಿನಲ್ಲಿ ತಾವು ಹೊರಡಿಸಿದ ಆದೇಶದಲ್ಲಿ, ನಮ್ಮೂರ ಏಳು ಬಾವಿಗಳು ಗಣಿ ಬರುವ ಮೊದಲೇ ಬತ್ತಿದ್ದವೆಂದು ತೀರ್ಮಾನಿಸಿದ್ದೀರಿ. ಅದಕ್ಕೆ ತಾವು ಉಲ್ಲೇಖಿಸಿರುವ ಆಧಾರ ಒಂದೇ ಒಂದು: ೧೯೯೧ರಲ್ಲಿ ಗ್ರಾಮಸ್ಥರು ಸರ್ಕಾರಕ್ಕೆ ಸಲ್ಲಿಸಿದ ಒಂದು ಅರ್ಜಿ. ಆ ಅರ್ಜಿಯನ್ನು ಬರೆದವನು ನಾನು. ಅದರಲ್ಲಿ ಬರೆದದ್ದು ಸುಳ್ಳು. ಆ ವರ್ಷ ಏಳು ಬಾವಿಗಳಲ್ಲೂ ನೀರಿತ್ತು.

ತಮ್ಮ ಆದೇಶದ ವಾಕ್ಯವನ್ನು ಇಲ್ಲಿ ನಕಲು ಮಾಡುತ್ತೇನೆ. ನಕಲು ಮಾಡುವುದು ನನಗೆ ಕಷ್ಟದ ಕೆಲಸವಲ್ಲ. ‘ಅರ್ಜಿದಾರರ ಜಲಮೂಲಗಳು ಗಣಿಗಾರಿಕೆಗೆ ಪೂರ್ವದಲ್ಲೇ ಸಂಪೂರ್ಣವಾಗಿ ಬತ್ತಿಹೋಗಿದ್ದವೆಂಬುದು ಅರ್ಜಿದಾರರದೇ ಲಿಖಿತ ಹೇಳಿಕೆಯಿಂದ ಸಾಬೀತಾಗಿರುವುದರಿಂದ, ಇಲ್ಲದ ನೀರಿಗೆ ನಷ್ಟವೆಂಬುದು ಉದ್ಭವಿಸುವುದಿಲ್ಲ.’ ವಾಕ್ಯ ಗಟ್ಟಿಯಾಗಿದೆ, ಎಲ್ಲಿಯೂ ಸಡಿಲವಿಲ್ಲ. ನಮ್ಮ ಗುರುಗಳು ನಾಗಯ್ಯನವರು ಬದುಕಿದ್ದರೆ ತಲೆದೂಗುತ್ತಿದ್ದರು.

ನಾಗಯ್ಯನವರು ಭದ್ರಾವತಿಯ ತಾಲ್ಲೂಕು ಕಚೇರಿಯ ಎದುರಿನ ಜಗಲಿಯ ಮೇಲೆ ನಲವತ್ತು ವರ್ಷ ಅರ್ಜಿ ಬರೆದವರು. ಅವರು ಹೇಳುವರು, ನಾನು ಬರೆದುಕೊಂಡು ಶುದ್ಧಪ್ರತಿ ತೆಗೆಯುವೆನು. ನಾನು ಓದಿದ್ದು ಲೋಯರ್ ಸೆಕೆಂಡರಿ. ಮಿಕ್ಕ ವಿದ್ಯೆಯೆಲ್ಲ ಆ ಜಗಲಿಯದು. ಮೊದಲ ವಾರವೇ ನಾನೊಬ್ಬ ರೈತನ ಅರ್ಜಿಯಲ್ಲಿ ‘ಮನೆಯ ಸೂರು ಅರ್ಧ ಕುಸಿದಿದೆ’ ಎಂದು, ಅವನು ಹೇಳಿದಂತೆಯೇ ಬರೆದಿದ್ದೆ. ಗುರುಗಳು ಆ ಹಾಳೆಯನ್ನು ಹರಿದು ಹಾಕಿದರು.

‘ಅರ್ಜೀಲಿ ಹೊಟ್ಟೆ ತುಂಬಿದೋನು ಇರಬಾರದು ಕಣಯ್ಯ. ಅರ್ಧ ಕುಸಿದಿದೆ ಅಂತ ಬರದ್ರೆ, ಇನ್ನರ್ಧ ಕುಸಿದ ಮೇಲೆ ಬಾ ಅಂತಾರೆ ಸಾಹೇಬ್ರು.’

ಆ ದಿನದಿಂದ ನಮ್ಮ ಜಗಲಿಯಲ್ಲಿ ಸೂರುಗಳೆಲ್ಲ ಪೂರ್ತಿ ಕುಸಿದವು. ಎತ್ತುಗಳೆಲ್ಲ ಸತ್ತವು. ಮೂರು ಗಂಡುಮಕ್ಕಳಿದ್ದ ವಿಧವೆಗೂ ದಿಕ್ಕುದೆಸೆ ಇಲ್ಲದಂತಾಯಿತು. ಇದು ಮೋಸವೆಂದು ಯಾರೂ ತಿಳಿದಿರಲಿಲ್ಲ, ಮಾನ್ಯರೇ. ನಾವು ಹತ್ತು ಬರೆಯುವುದು, ತಮ್ಮಂಥವರು ಅದನ್ನು ಐದು ಎಂದು ಓದುವುದು, ಕೊನೆಗೆ ಎರಡು ಮಂಜೂರಾಗುವುದು: ಇದು ಜಗಲಿಗೂ ಕಚೇರಿಗೂ ನಡುವೆ ಇದ್ದ ಒಡಂಬಡಿಕೆ. ಎಷ್ಟೋ ಅಧಿಕಾರಿಗಳು ಬಂದರು, ವರ್ಗವಾಗಿ ಹೋದರು. ನಾನು ಬರೆದ ಅರ್ಜಿಯ ಪ್ರತಿಯೊಂದು ಅಕ್ಷರವನ್ನೂ ನಂಬಿದವರು ತಾವೊಬ್ಬರೇ. ಎಪ್ಪತ್ತು ದಾಟಿದ ಮೇಲೆ ನನಗೆ ಈ ಗೌರವ ಸಿಗಬಹುದೆಂದು ಎಣಿಸಿರಲಿಲ್ಲ.

ಇನ್ನು ೧೯೯೧ರ ವಿಚಾರ. ಆ ಬೇಸಗೆಯಲ್ಲಿ ಪಕ್ಕದ ಊರಿಗೆ ಸರ್ಕಾರದಿಂದ ಬೋರಿಂಗ್ ಬಂದಿತ್ತು. ಕೈಯಿಂದ ಒತ್ತಿದರೆ ನೀರು ಬರುವ ಪಂಪು ನಮ್ಮೂರಿಗೂ ಬೇಕು, ಹೆಂಗಸರಿಗೆ ಸೇದುವ ಕಷ್ಟ ತಪ್ಪಬೇಕು ಎಂದು ಊರವರ ಆಸೆ. ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಏಳು ಬಾವಿಗಳಿರುವ ಊರಿಗೆ ಬೋರಿಂಗ್ ಯಾರು ಕೊಡುತ್ತಾರೆ? ಸಭೆ ಸೇರಿದ್ದು ದ್ಯಾಮಮ್ಮನ ಅಂಗಳದಲ್ಲಿ. ಈ ದ್ಯಾಮಮ್ಮ ನಮ್ಮ ಎದುರುಮನೆಯಾಕೆ. ಗಂಡ ಚೌಡಪ್ಪ ಕೂಲಿ ಮಾಡಿ ಬದುಕಿದವನು, ಈಗಿಲ್ಲ. ಆ ಅಂಗಳದ ಬಾವಿಯನ್ನು ಅಗೆದವರು ಅವರಿಬ್ಬರೇ; ಅವನು ಕೆಳಗೆ ಹಾರೆ ಹಾಕುವುದು, ಆರು ತಿಂಗಳ ಬಸುರಿಯಾಗಿದ್ದ ಆಕೆ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುವುದು. ಬೇಸಗೆಯ ಕೊನೆಯಲ್ಲೂ ಅದರಲ್ಲಿ ಮೂರು ಮಾರು ಹಗ್ಗಕ್ಕೆ ನೀರು ಸಿಗುತ್ತಿತ್ತು.

ನಾನು ಅದೇ ಬಾವಿಕಟ್ಟೆಯ ಮೇಲೆ ಕುಳಿತು, ಆಕೆ ಕೊಟ್ಟ ಮಜ್ಜಿಗೆ ಕುಡಿದು, ಅರ್ಜಿ ಬರೆದೆ. ‘ಗ್ರಾಮದ ಏಳೂ ಬಾವಿಗಳು ಸಂಪೂರ್ಣ ಬತ್ತಿ, ತಳದ ಕೆಸರೂ ಒಣಗಿ ಬಿರುಕುಬಿಟ್ಟು, ಜನ ಜಾನುವಾರುಗಳು ಹನಿ ನೀರಿಗಾಗಿ ಪರಿತಪಿಸುತ್ತಿದ್ದು, ತಮ್ಮ ಹೊರತು ಬೇರಾವ ಗತಿಯೂ ಇಲ್ಲದವರಾಗಿ...’ ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲರೂ ಮೆಚ್ಚಿದರು. ದ್ಯಾಮಮ್ಮ ಮಾತ್ರ ಸೊಂಟಕ್ಕೆ ಕೈಕೊಟ್ಟು ನಿಂತಳು.

‘ಪರಮೇಶಣ್ಣ, ನನ್ ಬಾವೀನೂ ಬತ್ತಿಸಿಬಿಟ್ರಾ?’

‘ಏಳೂ ಅಂತಲೇ ಬರೀಬೇಕು ಕಣಮ್ಮ. ಆರು ಅಂದ್ರೆ, ಇನ್ನೊಂದೈತಲ್ಲ ಅಲ್ಲೇ ಸೇದ್ಕಳ್ಳಿ ಅಂತಾರೆ.’

‘ಈಗ ಮಜ್ಜಿಗೆ ಕುಡುದ್ರಲ್ಲ, ಅದರ ನೀರು ಎಲ್ಲಿಂದು ಹಂಗಾರೆ? ನಿಮ್ ಕಾಗದದಾಗಿಂದ ಸೇದ್ಕಂಡು ಬಂದ್ನಾ?’

ಅಂಗಳವೆಲ್ಲ ನಕ್ಕಿತು. ಆಕೆ ನಗಲಿಲ್ಲ.

‘ನಗಬ್ಯಾಡ್ರಿ. ಮನೇಲಿ ಅಕ್ಕಿ ಮುಗುದ್ರೂ ಇಲ್ಲ ಅನ್ನಲ್ಲ ನಾವು, ಹೆಚ್ಚೈತೆ ಅಂತೀವಿ. ಕಣ್ಣೆದುರಿಗೆ ಇರೋ ಗಂಗಮ್ಮನ್ನ ಇಲ್ಲ ಅಂತ ಬರದ್ರೆ, ಅವ್ಳು ಕೇಳುಸ್ಕಣಲ್ವಾ?’

‘ಇದು ಬರೀ ಅರ್ಜಿ ಭಾಷೆ ಕಣಮ್ಮ. ಗಂಗಮ್ಮಂಗೆ ಇದನ್ನ ಓದೋಕೆ ಬರಲ್ಲ’ ಎಂದೆ. ಮತ್ತೆ ಎಲ್ಲರೂ ನಕ್ಕರು. ಆ ಚಟಾಕಿಯ ಬಗ್ಗೆ ಅಂದು ನನಗೆ ಹೆಮ್ಮೆಯಿತ್ತು. ಕೊನೆಯಲ್ಲಿ ಆಕೆಯೂ ಎಡಗೈ ಹೆಬ್ಬೆಟ್ಟು ಒತ್ತಿದಳು, ಒಲ್ಲದ ಮನಸ್ಸಿನಿಂದ, ಎಲ್ಲರೂ ಒತ್ತಿದ್ದಾರಲ್ಲ ಎಂದು. ಹನ್ನೊಂದು ತಿಂಗಳಿಗೆ ಬೋರಿಂಗ್ ಬಂತು. ಅದರ ಮುಂದೆ ತೆಂಗಿನಕಾಯಿ ಒಡೆಯಲು ನನ್ನನ್ನೇ ಕರೆದರು.

ಗಣಿ ಬಂದದ್ದು ೧೯೯೪ರಲ್ಲಿ. ಗುಡ್ಡದ ಆಚೆ ಮಗ್ಗುಲಿಗೆ ನೆಟ್ಟಗೆ ಇನ್ನೂರನಲವತ್ತು ಅಡಿ ಗುಂಡಿ ಇಳಿಸಿ, ಅಲ್ಲಿಂದ ನಮ್ಮೂರ ಕಡೆಗೆ ಸುರಂಗ ತೆಗೆದರು. ಹಗಲಿರುಳೂ ಎರಡು ಪಂಪುಗಳು ಸುರಂಗದ ನೀರನ್ನು ಎತ್ತಿ ಹಳ್ಳಕ್ಕೆ ಸುರಿಯತೊಡಗಿದವು. ಮೊದಮೊದಲು ನಾವು ಅದನ್ನು ನೋಡಲು ಹೋಗುತ್ತಿದ್ದೆವು. ಅಷ್ಟು ನೀರು! ಕಲ್ಲಿನೊಳಗಿಂದ! ಅದು ನಮ್ಮದೇ ಎಂದು ಯಾರಿಗೂ ಹೊಳೆಯಲಿಲ್ಲ. ೧೯೯೭ರಲ್ಲಿ ಶಾಲೆಯ ಬಾವಿ ತಳ ಕಂಡಿತು. ಮರುವರ್ಷ ಮೂರು ಬಾವಿಗಳು. ೧೯೯೯ರಲ್ಲಿ ಇನ್ನೆರಡು. ಅದೇ ವರ್ಷ, ನನ್ನ ಸುಳ್ಳಿನಿಂದ ಬಂದ ಬೋರಿಂಗ್ ಒತ್ತಿದರೆ ಕಿರುಗುಟ್ಟಿ ಗಾಳಿ ಕೊಡತೊಡಗಿತು. ದ್ಯಾಮಮ್ಮನ ಬಾವಿ ಎಲ್ಲಕ್ಕಿಂತ ಕೊನೆಯದು. ೨೦೦೦ನೆಯ ಇಸವಿಯ ಫೆಬ್ರುವರಿಯಲ್ಲಿ ಕೊಡ ಕಲ್ಲಿಗೆ ಬಡಿದ ಸದ್ದು ನನ್ನ ಮನೆಯವರೆಗೆ ಕೇಳಿಸಿತು.

ಗಣಿಯಲ್ಲಿ ಪಂಪು ಓಡಿಸುವಾತ ವೆಂಕಟಾಚಲ. ಆಂಧ್ರದ ಕಲ್ಲಿದ್ದಲು ಗಣಿಯಲ್ಲಿ ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ ಬಂದವನು. ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಡ್ಯೂಟಿ ಮುಗಿಸಿ ಹೋಗುವಾಗ ದ್ಯಾಮಮ್ಮನ ಬಾವಿಯಿಂದ ಒಂದು ಕ್ಯಾನು ಕುಡಿಯುವ ನೀರು ಒಯ್ಯುತ್ತಿದ್ದ. ತಾನು ಎತ್ತುವ ನೀರನ್ನು ತಾನೇ ಕುಡಿಯುತ್ತಿರಲಿಲ್ಲ. ಬಾವಿ ಬತ್ತಿದ ವಾರ ಬಂದು, ಬಗ್ಗಿ ನೋಡಿ, ಖಾಲಿ ಕ್ಯಾನನ್ನು ಕಟ್ಟೆಯ ಮೇಲಿಟ್ಟ. ಕಾರಣ ಕೇಳಿದೆ.

‘ಇದ್ರಲ್ಲಿ ಕೇಳೋಕೇನಿದೆ ಸಾರ್. ನೀರಿಗೆ ಸರ್ವೆ ನಂಬರ್ ಗೊತ್ತಾ? ಎಲ್ಲಿ ತಗ್ಗೋ ಅಲ್ಲಿಗೆ ಹೋಗುತ್ತೆ. ತಗ್ಗು ಮಾಡಿರೋರು ನಾವು.’

‘ಹಾಗಾದರೆ ಪಂಪು ನಿಲ್ಲಿಸಿದರೆ?’

‘ಎರಡು ಗಂಟೆ ನಿಲ್ಸಿದ್ರೆ ಕೆಳಗಿರೋರ ಮೊಣಕಾಲಿಗೆ ಬರುತ್ತೆ, ನಾಲ್ಕು ಗಂಟೆಗೆ ಎದೆಗೆ. ಅರವತ್ತು ಜನ ಇರ್ತಾರೆ ಸಾರ್ ಒಂದು ಪಾಳಿಗೆ. ನಾನು ನಿಲ್ಸಲ್ಲ.’

ಆ ಅರವತ್ತರಲ್ಲಿ ಹನ್ನೊಂದು ಜನ ನಮ್ಮೂರಿನವರು, ಮಾನ್ಯರೇ. ಬಾವಿ ಬತ್ತಿದ ಮನೆಯವರೇ ಬಾವಿ ಬತ್ತಿಸುವ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಆದ್ದರಿಂದ ‘ಪಂಪು ನಿಲ್ಲಿಸಿ’ ಎಂಬ ಸುಲಭದ ಬೇಡಿಕೆಯನ್ನು ಮುಂದಿಡುವ ಭಾಗ್ಯವೂ ನಮಗಿಲ್ಲ.

ವೆಂಕಟಾಚಲ ಅಂದು ಇನ್ನೊಂದು ಮಾತು ಹೇಳಿದ. ‘ಅಲ್ಲಿ, ಬೊಗ್ಗು ಗಣೀಲಿ, ಅದೇ ಕಲ್ಲಿದ್ದಲು, ಮೊದಲ್ನೇ ಮದ್ದು ಸಿಡಿಸೋಕೆ ಮುಂಚೆ ಸುತ್ತಲ ಬಾವಿಗಳ್ನೆಲ್ಲ ಅಳೀತಿದ್ರು. ಒಂದೊಂದು ಬಾವಿಗೂ ನಂಬರ್ ಹಾಕಿ, ನೀರು ಎಷ್ಟು ಅಡಿಗೆ ಐತೆ ಅಂತ ಕಟ್ಟೆ ಮೇಲೇ ಬಿಳಿ ಬಣ್ಣದಲ್ಲಿ ಬರೀತಿದ್ರು. ನೀರು ಇಳೀತಾ, ಅಷ್ಟು ನೀರು ಕೊಡು ಅಂತ ಜನ ಕೇಳೋರು. ಇಲ್ಲಿ ಯಾರು ಅಳೆದ್ರು ಸಾರ್?’

ಯಾರೂ ಅಳೆಯಲಿಲ್ಲ. ಏಕೆ ಅಳೆಯಲಿಲ್ಲವೆಂಬುದು ನನಗೆ ತಿಳಿದದ್ದು ಕಳೆದ ವರ್ಷ ಆಗಸ್ಟಿನಲ್ಲಿ, ತಮ್ಮ ಎರಡನೆಯ ಮಹಡಿಯ ವಿಚಾರಣಾ ಕೋಣೆಯಲ್ಲಿ. ಕಂಪನಿಯವರು ಗಣಿಗೆ ಅನುಮತಿ ಕೇಳುವಾಗ ‘ಗಣಿಪೂರ್ವ ಜಲಸ್ಥಿತಿ’ ಎಂಬ ಅಂಕಣ ತುಂಬಬೇಕಿತ್ತು. ಅದಕ್ಕೆ ಒಂದು ವರ್ಷ ಬಾವಿ ಬಾವಿಗೂ ಹಗ್ಗ ಇಳಿಸಬೇಕಿತ್ತು. ಅವರ ಪುಣ್ಯಕ್ಕೆ ಯಾವುದೋ ಕಡತದಲ್ಲಿ ನನ್ನ ಅರ್ಜಿ ಸಿಕ್ಕಿತು. ಸರ್ಕಾರದ ಮುದ್ರೆ ಬಿದ್ದದ್ದು, ನಲವತ್ತೆರಡು ಮನೆಗಳ ರುಜು ಇದ್ದದ್ದು. ಅಂಕಣದಲ್ಲಿ ಅವರು ಒಂದೇ ಪದ ಬರೆದರು: ‘ಬತ್ತಿವೆ’. ಅದರ ಮುಂದೆ ಆಧಾರವೆಂದು ನನ್ನ ಅರ್ಜಿಯ ದಿನಾಂಕ. ನಮ್ಮೂರ ಬಾವಿಗಳ ಬಗ್ಗೆ ಈ ಭೂಮಿಯ ಮೇಲೆ ಇರುವ ಏಕೈಕ ದಾಖಲೆ, ನಾನು ಮಜ್ಜಿಗೆ ಕುಡಿದು ಬರೆದ ಆ ವಾಕ್ಯ.

ಆ ವಿಚಾರಣೆಯ ದಿನ ನಡೆದದ್ದನ್ನು ತಾವು ಮರೆತಿರಬಹುದು. ನನಗೆ ಮರೆಯುವ ಅವಕಾಶವಿಲ್ಲ. ನಾವು ಹದಿನಾಲ್ಕು ಜನ ಬೆಳಗಿನ ಬಸ್ಸಿಗೆ ಬಂದಿದ್ದೆವು. ತಾವು ಒಂದು ಹಾಳೆಯನ್ನು ಎತ್ತಿ ಹಿಡಿದು ಕೇಳಿದಿರಿ:

‘ಈ ಕೈಬರಹ ಯಾರದು?’

‘ನನ್ನದೇ ಸ್ವಾಮಿ’ ಎಂದು ನಾನು ಎದ್ದು ನಿಂತೆ.

‘ಬಹಳ ಅಂದವಾಗಿದೆ.’

‘ಎಲ್ಲಾ ಗುರುಗಳ ಆಶೀರ್ವಾದ.’

ಸತ್ಯವನ್ನು ಮುಚ್ಚಿಡುವುದಿಲ್ಲ: ಆ ಕ್ಷಣ ನನ್ನ ಎದೆ ಉಬ್ಬಿತ್ತು. ಶಿವಮೊಗ್ಗದ ಅಧಿಕಾರಿಗಳು ಹತ್ತು ವರ್ಷದ ಹಿಂದಿನ ನನ್ನ ಅಕ್ಷರವನ್ನು ಹೊಗಳುತ್ತಿದ್ದಾರೆ, ಊರವರೆಲ್ಲ ಕೇಳುತ್ತಿದ್ದಾರೆ ಎಂದು. ಕಂಪನಿಯ ವಕೀಲರು ಮುಗುಳ್ನಕ್ಕು ಏನನ್ನೋ ಬರೆದುಕೊಂಡರು. ಆಮೇಲೆ ತಾವು ಅದನ್ನು ಓದಿದಿರಿ. ‘ತಳದ ಕೆಸರೂ ಒಣಗಿ ಬಿರುಕುಬಿಟ್ಟು’ ಎಂಬಲ್ಲಿಗೆ ಬರುವಷ್ಟರಲ್ಲಿ ನಾನು ಬೆಂಚಿನ ಮೇಲೆ ಕುಳಿತುಬಿಟ್ಟಿದ್ದೆ. ದ್ಯಾಮಮ್ಮ ಮಾತ್ರ ಎದ್ದು ನಿಂತು ಕೂಗಿದಳು: ‘ಸ್ವಾಮಿ, ಅದು ಸುಳ್ಳು. ಅವತ್ತು ಬಾವಿ ತುಂಬ ನೀರಿತ್ತು. ನಾನೇ ಸೇದಿದ್ದೆ.’

ವಕೀಲರು ಬಹಳ ಮೃದುವಾದ ದನಿಯಲ್ಲಿ ಮಾತನಾಡಿಸಿದರು.

‘ಅಜ್ಜಿ, ಈ ಹೆಬ್ಬೆಟ್ಟು ನಿಮ್ದಾ?’

‘ನಂದೇ ಕಣಪ್ಪ.’

‘ಓದಿ ಹೇಳಿದ ಮೇಲೆ ಒತ್ತಿದ್ರಾ, ಓದದೇನೇ ಒತ್ತಿಸಿಕೊಂಡ್ರಾ?’

‘ಓದಿದ್ರು.’

‘ಸರಿ. ಹಾಗಾದ್ರೆ ಸುಳ್ಳು ಹೇಳಿದ್ದು ಅವತ್ತೋ, ಇವತ್ತೋ?’

ಆಕೆ ತನ್ನ ಹೆಬ್ಬೆರಳನ್ನು ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು. ಉತ್ತರ ಕೊಡಬೇಕಾದವನು ನಾನು. ‘ಅವತ್ತು’ ಎಂದರೆ ನಲವತ್ತೆರಡು ಮನೆಯವರು ಸರ್ಕಾರಕ್ಕೆ ಸುಳ್ಳು ಹೇಳಿ ಬೋರಿಂಗ್ ಪಡೆದವರಾಗುತ್ತಾರೆ; ಅದೇ ಕೈ ಬರೆದ ಇಂದಿನ ಅರ್ಜಿಯನ್ನು ಯಾರು ನಂಬುತ್ತಾರೆ? ‘ಇವತ್ತು’ ಎಂದರೆ ಬಾವಿಗಳು ಹೋದವು. ನಾನು ಬಾಯಿ ತೆರೆಯಲಿಲ್ಲ. ನನ್ನ ಮೌನವನ್ನೂ ತಾವು ದಾಖಲಿಸಿದ್ದೀರಿ, ಆದೇಶದ ನಾಲ್ಕನೆಯ ಪುಟದಲ್ಲಿ: ‘ಬರಹಗಾರರು ನಿರಾಕರಿಸಿರುವುದಿಲ್ಲ.’

ಹಿಂದಿರುಗುವ ಬಸ್ಸಿನಲ್ಲಿ ಕೆಲವರು ಕಂಪನಿಯನ್ನು ಬೈಯುತ್ತಿದ್ದರು, ಕೆಲವರು, ಮಾನ್ಯರೇ, ತಮ್ಮನ್ನು. ದ್ಯಾಮಮ್ಮ ನನ್ನ ಹಿಂದಿನ ಸೀಟಿನಿಂದ ಹೇಳಿದಳು:

‘ಕಂಪನೀನ ಯಾಕೆ ಬೈತೀರ ಪರಮೇಶಣ್ಣ. ಅವ್ರು ಬಂದಿದ್ದು ಆಮೇಲೆ. ಮೊದ್ಲು ಒಣಗೈತೆ ಅಂತ ಒತ್ತಿದೋಳು ನಾನು. ಗಂಗಮ್ಮ ಕೇಳುಸ್ಕಂಡ್ಲು, ಅಷ್ಟೇಯ.’

ನಾನು ವೆಂಕಟಾಚಲನ ಮಾತನ್ನೆಲ್ಲ ವಿವರಿಸಿದೆ. ಸುರಂಗ, ತಗ್ಗು, ಪಂಪು. ಆಕೆ ಎಲ್ಲವನ್ನೂ ಕೇಳಿ, ‘ಅದ್ಯಾವ್ದನ್ನೂ ಸಾಹೇಬ್ರು ಬರ್ಕಳ್ಳಲಿಲ್ವಲ್ಲ. ಅವ್ರು ಓದಿದ್ದು ನನ್ ಹೆಬ್ಬೆಟ್ಟನ್ನೇ’ ಎಂದಳು.

ತಮ್ಮ ಆದೇಶ ಮಾಡಿದ ಕೆಲಸವನ್ನು ಈಗಲಾದರೂ ಗಮನಿಸಿ. ಒಂದು ಗಣಿಯ ಪಂಪು ಮಾಡಿದ ಕೆಲಸವನ್ನು ಒಬ್ಬ ಅನಕ್ಷರಸ್ಥ ಹೆಂಗಸಿನ ಬೆರಳಿಗೆ ವರ್ಗಾಯಿಸಿದ್ದೀರಿ. ನನಗೆ ಆಕೆಯನ್ನು ನಂಬಿಸಲು ಆಗುತ್ತಿಲ್ಲ, ಏಕೆಂದರೆ ಗಂಗಮ್ಮನಿಗೆ ಓದಲು ಬರುವುದಿಲ್ಲ ಎಂದವನೇ ನಾನು.

ಈಗ ಕಂಪನಿಯವರು ದಿನಕ್ಕೊಂದು ಟ್ಯಾಂಕರ್ ನೀರು ಕಳುಹಿಸುತ್ತಾರೆ. ಅದೇ ಸುರಂಗದ ನೀರು, ತೊಟ್ಟಿಯಲ್ಲಿ ತಂಗಿಸಿದ್ದು. ಕೊಡದ ತಳದಲ್ಲಿ ಕಪ್ಪನೆಯ ಗಸಿ ಉಳಿಯುತ್ತದೆ. ಟ್ಯಾಂಕರಿನ ಮೈಮೇಲೆ ‘ಉಚಿತ ಸೇವೆ’ ಎಂದು ಬರೆಸಿದ್ದಾರೆ. ನೀರು ಹಿಡಿಯುವ ಮೊದಲು ಒಂದು ಚೀಟಿಗೆ ರುಜು ಹಾಕಬೇಕು: ‘ಗ್ರಾಮದಲ್ಲಿ ಬೇರಾವ ಜಲಮೂಲವೂ ಇಲ್ಲದ ಕಾರಣ ಕಂಪನಿಯ ಔದಾರ್ಯದಿಂದ ಸ್ವೀಕರಿಸಿದ್ದೇವೆ.’ ಪ್ರತಿದಿನ ಹೊಸ ಚೀಟಿ. ಅಂದರೆ ನಾವು ಒಂದು ಕೊಡ ನೀರು ಕುಡಿಯಬೇಕಾದರೆ, ನಮಗೆ ನೀರಿನ ಹಕ್ಕಿಲ್ಲವೆಂದು ಪ್ರತಿ ಬೆಳಿಗ್ಗೆ ಬರೆದುಕೊಡಬೇಕು. ನಾನೂ ಬರೆದುಕೊಡುತ್ತೇನೆ. ನನಗೂ ಬಾಯಾರುತ್ತದೆ. ರುಜು ಹಾಕುವಾಗ ಅಕ್ಷರ ಅಂದವಾಗಿ ಬಾರದಿರಲಿ ಎಂದು ಪ್ರಯತ್ನಿಸಿ ನೋಡಿದೆ, ಅದೂ ಸಾಧ್ಯವಾಗಲಿಲ್ಲ.

ದ್ಯಾಮಮ್ಮ ಬರೆದುಕೊಡುವುದಿಲ್ಲ. ಇನ್ನೊಮ್ಮೆ ‘ಇಲ್ಲ’ ಎಂಬುದರ ಮೇಲೆ ಹೆಬ್ಬೆಟ್ಟು ಒತ್ತುವುದಿಲ್ಲವಂತೆ. ಬೇರೆಯವರು ಹಿಡಿದುಕೊಟ್ಟ ಟ್ಯಾಂಕರ್ ನೀರನ್ನೂ ಮುಟ್ಟುವುದಿಲ್ಲ. ಒಂದೂವರೆ ಮೈಲಿ ತಗ್ಗಿನಲ್ಲಿರುವ ನಾಲೆಯಿಂದ ಎರಡು ಹೊತ್ತು ನೀರು ಹೊತ್ತು ತರುತ್ತಾಳೆ. ವಯಸ್ಸು ಅರವತ್ತೊಂಬತ್ತು. ಈ ತಿಂಗಳು ನಾಲೆಯ ನೀರು ನಿಲ್ಲಿಸಿ ಹದಿನೆಂಟು ದಿನವಾಯಿತು. ನಾಲೆಯ ತಳದಲ್ಲಿ ಅಲ್ಲಲ್ಲಿ ನಿಂತ ಮಡುವಿನಿಂದ ಚೊಂಬಿನಲ್ಲಿ ಮೊಗೆದು ಸೋಸಿ ತುಂಬಿಕೊಳ್ಳುತ್ತಾಳೆ. ಮೊನ್ನೆ ಸೋಮವಾರ ಏರಿ ಹತ್ತುವಾಗ ಜಾರಿ ಬಿದ್ದು ಮೊಣಕಾಲು ಊದಿಕೊಂಡಿದೆ. ಮಂಗಳವಾರ ಮತ್ತೆ ಹೋದಳು.

‘ದ್ಯಾಮಮ್ಮ, ಹಟ ಸಾಕು. ನೀರಿಲ್ಲದೆ ಸಾಯ್ತೀಯ’ ಎಂದು ಗದರಿಸಿದೆ.

‘ಸತ್ರೆ ನೀವೇ ಬರ್ಕೊಡಿ ಅರ್ಜೀನ. ನಿಮ್ ಅಕ್ಷರ ಚೆಂದ’ ಎಂದಳು.

ಈ ನಡುವೆ ಕಂಪನಿ ಗಣಿಯನ್ನು ಇನ್ನೂ ನೂರು ಅಡಿ ಇಳಿಸಲು ಅನುಮತಿ ಕೇಳಿದೆ. ತಮ್ಮ ಕಚೇರಿ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಿದೆ. ನಾವು ಸಲ್ಲಿಸಿದೆವು, ಅದು ಹಿಂದಕ್ಕೆ ಬಂತು. ‘ದಾಖಲಿತ ಜಲಮೂಲದ ಹಕ್ಕುದಾರರು ಮಾತ್ರ ಅರ್ಹರು’ ಎಂಬ ಷರಾ ಇತ್ತು. ದಾಖಲೆಯಲ್ಲಿ ನಮ್ಮ ಬಾವಿಗಳು ಹನ್ನೊಂದು ವರ್ಷಗಳಿಂದ ಇಲ್ಲ. ಇಲ್ಲದ ಬಾವಿಯವರು ಆಕ್ಷೇಪಿಸುವಂತಿಲ್ಲ. ಇನ್ನು ನಮ್ಮ ಕೆಳಗಿನ ಮೂರು ಊರುಗಳವರು ಆಕ್ಷೇಪಿಸಬಹುದು. ಅವರ ಬಾವಿಗಳಲ್ಲಿ ನೀರಿದೆ, ಆದ್ದರಿಂದ ಅವರಿಗೆ ಆಕ್ಷೇಪಣೆಯ ಅಗತ್ಯ ಇನ್ನೂ ಕಂಡಿಲ್ಲ. ಎಂಥ ಸುಭದ್ರ ಏರ್ಪಾಡು! ನೀರಿದ್ದವನಿಗೆ ದೂರಿಲ್ಲ, ದೂರಿದ್ದವನಿಗೆ ಹಕ್ಕಿಲ್ಲ.

ಆ ಮೂರು ಊರುಗಳ ಪೈಕಿ ಒಂದರಿಂದ ಹೋದ ವಾರ ಇಬ್ಬರು ನನ್ನ ಬಳಿಗೆ ಬಂದರು. ತಮ್ಮೂರಿಗೆ ಓವರ್‌ಹೆಡ್ ಟ್ಯಾಂಕ್ ಬೇಕು, ಅರ್ಜಿ ಬರೆದುಕೊಡಿ ಎಂದರು.

‘ಬಾವೀಲಿ ನೀರು ಎಷ್ಟೈತೆ?’ ಎಂದು ಕೇಳಿದೆ.

‘ಬೇಕಾದಷ್ಟೈತೆ ಅಜ್ಜ. ಆದ್ರೆ ನೀವು ಬತ್ತೈತೆ ಅಂತ ಹಾಕಿ. ಇಲ್ಲಾಂದ್ರೆ ಕೊಡಲ್ಲ, ನಿಮ್ಗೆ ಗೊತ್ತಲ್ಲ.’

ಅವರು ತಂದಿದ್ದ ಬಿಳಿ ಹಾಳೆಯನ್ನು ಹಿಂದಕ್ಕೆ ಕೊಟ್ಟು ಕಳುಹಿಸಿದೆ. ಬೇರೆ ಯಾರಾದರೂ ಬರೆದುಕೊಡುತ್ತಾರೆ. ಬಹುಶಃ ಈಗಾಗಲೇ ಬರೆದಾಗಿದೆ, ತಮ್ಮ ಮುಂದಿನ ಆದೇಶಕ್ಕೆ ಆಧಾರ ಸಿದ್ಧವಾಗಿದೆ.

ನನ್ನ ತಪ್ಪನ್ನು ತಿದ್ದಲು ನಾನು ಪ್ರಯತ್ನಿಸಲಿಲ್ಲವೆಂದು ದಯವಿಟ್ಟು ಭಾವಿಸಬೇಡಿ. ಮೇ ಆರರಂದು, ೧೯೯೧ರ ಹೇಳಿಕೆ ಸುಳ್ಳೆಂದು ಒಪ್ಪಿಕೊಂಡು ಒಂದು ಮನವಿ ತಂದು ತಮ್ಮ ಆವಕ ಶಾಖೆಯ ಕಿಟಕಿಯಲ್ಲಿ ಕೊಟ್ಟೆ. ಗುಮಾಸ್ತರು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ, ನನಗೆ ಕುಳಿತುಕೊಳ್ಳಲು ಸ್ಟೂಲು ಕೊಡಿಸಿದರು.

‘ಯಜಮಾನ್ರೇ, ಬಾವಿ ಬತ್ತಿದೆ ಅಂತ ಬರೋ ಅರ್ಜಿಗೆ ಒಂದು ಕಡತ ಇದೆ. ಬಾವೀಲಿ ನೀರಿತ್ತು ಅಂತ ಬರೋ ಅರ್ಜೀನ ಯಾವ ಕಡತಕ್ಕೆ ಹಾಕ್ಲಿ ಮಾರಾಯ್ರೇ?’

‘ಹೊಸದೊಂದು ತೆರೆಯಿರಿ.’

‘ತೆರೆಯೋದು ಬಿಡಿ. ಸರ್ಕಾರಕ್ಕೆ ಸುಳ್ಳು ಬರೆದುಕೊಟ್ಟೆ ಅಂತ ನೀವೇ ಕೈಯಾರೆ ಬರೆದಿದ್ದೀರಿ. ಯಾರಾದ್ರೂ ಓದಿದ್ರೆ ನಿಮ್ಮ ಮೇಲೇ ಕೇಸ್ ಹಾಕ್ತಾರೆ. ಈ ವಯಸ್ಸಲ್ಲಿ ಯಾಕೆ ಬೇಕು? ತಗೊಂಡು ಹೋಗಿ.’

ತೆಗೆದುಕೊಂಡು ಬಂದೆ. ಆದರೆ ಅವರ ಮಾತು ಭದ್ರಾವತಿ ತಲುಪುವವರೆಗೂ ನನ್ನ ಪಕ್ಕದಲ್ಲೇ ಕುಳಿತಿತ್ತು. ತಿಳಿದೂ ತಿಳಿದೂ ಸರ್ಕಾರಿ ಅಧಿಕಾರಿಗೆ ಸುಳ್ಳು ಮಾಹಿತಿ ಕೊಡುವುದು ಅಪರಾಧವೆಂದು ನನಗೂ ಗೊತ್ತಿದೆ. ಎಷ್ಟೋ ಜನರ ಮೇಲೆ ಆ ಆಪಾದನೆ ಬಂದಾಗ ಅವರ ಉತ್ತರಗಳ ಶುದ್ಧಪ್ರತಿ ತೆಗೆದವನು ನಾನು. ಆ ಅಪರಾಧ ರುಜುವಾತಾಗಬೇಕಾದರೆ ಏನು ಬೇಕು? ಬರೆದ ಹೇಳಿಕೆ ಸುಳ್ಳೆಂದು ಸರ್ಕಾರ ತೋರಿಸಬೇಕು. ನನ್ನ ಹೇಳಿಕೆ ‘ಏಳೂ ಬಾವಿಗಳು ಬತ್ತಿವೆ’ ಎಂಬುದು. ಅದು ಸುಳ್ಳೆಂದು ತೋರಿಸಬೇಕಾದರೆ, ೧೯೯೧ರಲ್ಲಿ ಏಳೂ ಬಾವಿಗಳಲ್ಲಿ ನೀರಿತ್ತೆಂದು ಸರ್ಕಾರವೇ ಸಾಕ್ಷಿ ತಂದು, ನ್ಯಾಯಾಲಯದಲ್ಲಿ, ಎಲ್ಲರೆದುರು ಸಾಬೀತುಪಡಿಸಬೇಕು.

ಆದ್ದರಿಂದ ನನ್ನ ಬೇಡಿಕೆ ಒಂದೇ. ನನ್ನ ಮೇಲೆ ಮೊಕದ್ದಮೆ ಹೂಡಿ.

ನಾನು ತಪ್ಪಿತಸ್ಥನೆಂದು ತೀರ್ಮಾನವಾಗಲಿ. ಆ ತೀರ್ಮಾನದ ಪ್ರತಿಯನ್ನು ಕಡತದಲ್ಲಿ ನನ್ನ ಅರ್ಜಿಯಿದ್ದ ಜಾಗದಲ್ಲಿಡಿ. ಆಮೇಲೆ ‘ಇಲ್ಲದ ನೀರಿಗೆ ನಷ್ಟ ಉದ್ಭವಿಸುವುದಿಲ್ಲ’ ಎಂಬ ತಮ್ಮ ವಾಕ್ಯ ಎಷ್ಟು ಹೊತ್ತು ನಿಲ್ಲುತ್ತದೋ ನೋಡೋಣ. ಹನ್ನೊಂದು ವರ್ಷದ ಹಿಂದಿನ ಅಪರಾಧ, ಕಾಲಮಿತಿ ಮೀರಿದೆ ಎಂದು ತಮ್ಮ ಕಾನೂನು ಸಲಹೆಗಾರರು ಹೇಳಬಹುದು. ಹಾಗಿದ್ದರೆ ದಯಮಾಡಿ ಉತ್ತರಿಸಿ: ಸುಳ್ಳನ್ನು ಶಿಕ್ಷಿಸುವ ಕಾಲ ಮೀರಿದ್ದರೆ, ಅದೇ ಸುಳ್ಳನ್ನು ಸಾಕ್ಷ್ಯವೆಂದು ನಂಬುವ ಕಾಲ ಇನ್ನೂ ಹೇಗೆ ಮೀರಿಲ್ಲ? ನಾನು ಸುಳ್ಳುಗಾರನಾದರೆ ಬಾವಿಗಳಲ್ಲಿ ನೀರಿತ್ತು. ನಾನು ಸತ್ಯವಂತನಾದರೆ, ಈಗ ಈ ಪತ್ರದಲ್ಲಿ ಹೇಳುತ್ತಿರುವುದನ್ನೂ ನಂಬಬೇಕು, ಆಗಲೂ ಬಾವಿಗಳಲ್ಲಿ ನೀರಿತ್ತು. ಕಳೆದ ಆಗಸ್ಟಿನಲ್ಲಿ ನನಗೂ ದ್ಯಾಮಮ್ಮನಿಗೂ ಹೀಗೆಯೇ ಎರಡು ಬಾಗಿಲು ತೋರಿಸಿ, ಎರಡನ್ನೂ ಮುಚ್ಚಿದ್ದರು. ಈಗ ತಾವು ಸ್ವಲ್ಪ ಹೊತ್ತು ಅಲ್ಲಿ ನಿಂತುಕೊಳ್ಳಿ.

ಇದರಿಂದ ನೀರು ಮರಳಿ ಬರುವುದಿಲ್ಲವೆಂದು ಬಲ್ಲೆ. ವೆಂಕಟಾಚಲ ಪಂಪು ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಆದರೆ ನೀರು ನಮ್ಮದಾಗಿತ್ತು ಎಂದಾದರೆ, ಅದೇ ನೀರನ್ನು ಚೀಟಿಯಿಲ್ಲದೆ, ಗಸಿಯಿಲ್ಲದೆ, ಕೊಳವೆಯಲ್ಲಿ ಮನೆಬಾಗಿಲಿಗೆ ತಂದುಕೊಡುವುದು ಕಂಪನಿಯ ಔದಾರ್ಯವಾಗದೆ ಹೊಣೆಯಾಗುತ್ತದೆ. ಕೆಳಗಿನ ಮೂರು ಊರುಗಳ ಬಾವಿಗಳಿಗೆ ಮೇ ೩೧ರ ಒಳಗೆ ಹಗ್ಗ ಇಳಿಸಿ ಅಳತೆ ಬರೆಸುವುದು ತಮ್ಮ ಹೊಣೆಯಾಗುತ್ತದೆ. ಇದಕ್ಕಿಂತಲೂ ಮೊದಲು, ಸರ್ಕಾರದ ಮೊಹರಿರುವ ಒಂದು ಕಾಗದವನ್ನು ನಾನು ಎದುರುಮನೆಗೆ ಒಯ್ದು ಓದಿ ಹೇಳಬಹುದು: ನಿನ್ನ ಬಾವಿಯನ್ನು ಬತ್ತಿಸಿದ್ದು ಗಣಿಯ ಪಂಪು, ನಿನ್ನ ಬೆರಳಲ್ಲ ಎಂದು. ನನ್ನ ಬಾಯಿಮಾತನ್ನು ಆಕೆ ನಂಬುವುದಿಲ್ಲ. ಆಕೆಯನ್ನು ದೂರುವಂತಿಲ್ಲ.

ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿರುವುದು, ಕಿಟಕಿಯಿಂದ ಹಿಂದಕ್ಕೆ ಕೊಡಲು ಬಾರದಿರಲಿ ಎಂದು. ಮೇ ಇಪ್ಪತ್ತೇಳು, ಸೋಮವಾರ, ಕಚೇರಿ ತೆರೆಯುವ ಹೊತ್ತಿಗೆ ತಮ್ಮ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಇರುತ್ತೇನೆ. ಎರಡು ಪಂಚೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ. ಪೊಲೀಸರನ್ನು ಕರೆಸುವುದಾದರೆ ಊರಿಗೆ ಕಳುಹಿಸುವ ತೊಂದರೆ ಬೇಡ.

ಇಂತಿ,
ಆರೋಪಿಯ ಸ್ಥಾನ ಕೋರಿ ನಿಂತಿರುವ,
ಪರಮೇಶ್ವರಪ್ಪ (ಸ್ವಹಸ್ತ ರುಜು)
ಕೆಂಚನಕೊಪ್ಪ, ೨೨ ಮೇ ೨೦೦೨

ಲಗತ್ತು: ಒಂದು. ಛಾಪಾಕಾಗದದ ಮೇಲೆ ಬರೆದ ತಪ್ಪೊಪ್ಪಿಗೆ, ಪುಟಗಳು ಎರಡು. ಸಾಕ್ಷಿಯ ರುಜುವಿನ ಜಾಗ ಖಾಲಿ ಇದೆ. ದ್ಯಾಮಮ್ಮ ಓದಿಸಿ ಕೇಳಿದಳು, ಎಲ್ಲವೂ ನಿಜವೆಂದಳು, ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ.